ಬೀಗದ ಕೈ ನನ್ನ ಹತ್ತಿರವಿದೆ

“ಟ್ರಬಲ್‌ಶೂಟಿಂಗ್ ಅಂದ್ರೆ ಏನೇ?” ಎಂದು ಚಿಕ್ಕಮ್ಮ ಕೇಳಿದ್ದು ಬಸ್ಸಿನಲ್ಲಿ, ನಾನು ಕೆಲಸಕ್ಕೆ ಸೇರಿದ ಮೊದಲ ಬೆಳಿಗ್ಗೆ. ಕೊರಳಿಗೆ ಹಾಕಿಕೊಳ್ಳಲು ಕೊಟ್ಟಿದ್ದ ಕಾರ್ಡಿನಲ್ಲಿ ನನ್ನ ಹೆಸರಿಗಿಂತ ಆ ಪದವೇ ದೊಡ್ಡದಾಗಿತ್ತು.

“ರಿಪೇರಿ,” ಎಂದೆ, ಮಾತು ಅಲ್ಲಿಗೇ ಮುಗಿಯಲಿ ಎಂದು.

“ರಿಪೇರಿಗೆ ಮೇಸ್ತ್ರಿ ಇದ್ದಾನಲ್ಲ. ಮತ್ತೆ ನಿನ್ನನ್ನ ಯಾಕೆ ತಗೊಂಡ್ರು?”

ನಾನು ಕಿಟಕಿಯ ಕಡೆ ತಿರುಗಿದೆ. ಡಿಗ್ರಿ ಮುಗಿಸಿದ ಮೇಲೆ ನನಗೆ ಮಾತು ಕಡಿಮೆಯಾಯಿತು ಎಂಬುದು ಮನೆಯವರ ದೂರು. ಮೊದಲೂ ಹೆಚ್ಚೇನೂ ಇರಲಿಲ್ಲ. ಆಗ ಓದುತ್ತಿದ್ದಾಳೆ ಎಂದು ಸುಮ್ಮನಿರುತ್ತಿದ್ದರು ಅಷ್ಟೆ. ಆದರೆ ಚಿಕ್ಕಮ್ಮ ಬಿಡುವ ಪೈಕಿಯಲ್ಲ. ಮೊಣಕೈಯಿಂದ ತಿವಿದಳು.

“ರಿಪೇರಿಗಿಂತ ಮುಂಚಿನದು ಚಿಕ್ಕಮ್ಮ. ಏನು ಕೆಟ್ಟಿದೆ ಅಂತ ಗೊತ್ತಾದ ಮೇಲೆ ಮಾಡೋದು ರಿಪೇರಿ. ಗೊತ್ತಿಲ್ಲದೆ ಇದ್ದಾಗ ಹುಡುಕೋದು ಇದು.”

“ಹುಡುಕೋದಕ್ಕೂ ಸಂಬಳ ಕೊಡ್ತಾರಾ? ನಿಮ್ಮ ಚಿಕ್ಕಪ್ಪ ದಿನಾ ಕನ್ನಡಕ ಹುಡುಕ್ತಾರೆ, ಮೂರು ಕಾಸು ಹುಟ್ಟಲಿಲ್ಲ.”

ಮುಂದಿನ ಸೀಟಿನವರು ನಕ್ಕರು. ಚಿಕ್ಕಮ್ಮ ಅವರ ಜೊತೆ ಸೇರಿ ಇನ್ನೂ ಜೋರಾಗಿ ನಕ್ಕಳು.

ನಮ್ಮದು ಆಸ್ಪತ್ರೆಗಳ ಬಟ್ಟೆ ಒಗೆಯುವ ಕಾರ್ಖಾನೆ. ಕೆಳಗೆ ಕೊಳೆಬಟ್ಟೆ ವಿಂಗಡಿಸುವ ಶೆಡ್ಡು, ಒಗೆಯುವ ಡ್ರಮ್ಮುಗಳು. ಮೇಲಿನ ಹಾಲ್‌ನಲ್ಲಿ ಇಸ್ತ್ರಿ. ಇಸ್ತ್ರಿ ಎಂದರೆ ಕೈಯಲ್ಲಿ ಹಿಡಿಯುವ ಪೆಟ್ಟಿಗೆಯಲ್ಲ. ಜೋಡಿ ಮಂಚದಷ್ಟು ಅಗಲದ, ಕಾದ ಉರುಳೆ. ಅದರ ಎರಡು ತುದಿಗಳಲ್ಲಿ ಇಬ್ಬರು ನಿಂತು ಒದ್ದೆ ಚಾದರದ ಅಂಚು ಹಿಡಿದು, ಎಳೆದು, ಸುಕ್ಕಿಲ್ಲದಂತೆ ಒಳಗೆ ಕೊಡಬೇಕು. ಆಚೆ ಬದಿಯಿಂದ ಅದು ಕಾಗದದಂತೆ ಗರಿಗರಿಯಾಗಿ ಬರುತ್ತದೆ. ಉರುಳೆಯ ಮುಂದೆ ಉದ್ದಕ್ಕೂ ಒಂದು ಹಳದಿ ಪಟ್ಟಿಯಿದೆ, ಕೈ ಕಾಪಾಡುವ ಪಟ್ಟಿ. ಬೆರಳುಗಳು ಉರುಳೆಯ ಹತ್ತಿರ ಹೋದರೆ ಮೊದಲು ಅದಕ್ಕೆ ತಾಗುತ್ತವೆ. ತಾಗಿದ ಕೂಡಲೇ ಮೆಷಿನ್ ನಿಲ್ಲುತ್ತದೆ, ನೆತ್ತಿಯ ಮೇಲೆ ಕೆಂಪು ದೀಪ ಹತ್ತುತ್ತದೆ.

ಎಡತುದಿ ಚಿಕ್ಕಮ್ಮನದು. ಬಲತುದಿಯಲ್ಲಿ ನಿಲ್ಲುವವಳನ್ನು ಎಲ್ಲರೂ ಏಣಿ ಎಂದೇ ಕರೆಯುತ್ತಾರೆ, ಅಷ್ಟು ಎತ್ತರ. ಚಿಕ್ಕಮ್ಮ ಅವಳ ಭುಜಕ್ಕೂ ಬರುವುದಿಲ್ಲ. ಅದಕ್ಕೇ ಬಡಗಿ ಕೆಲಸ ಮಾಡುತ್ತಿದ್ದ ಚಿಕ್ಕಪ್ಪ ಅವಳಿಗೆ ಒಂದು ಮಣೆ ಮಾಡಿಕೊಟ್ಟಿದ್ದರು, ಗಿಡ್ಡ ಕಾಲುಗಳ ಅಗಲವಾದ ಮರದ ಮಣೆ. ಅದರ ಮೇಲೆ ನಿಂತರೆ ಅವಳ ಕೈ ಉರುಳೆಯ ಮೇಲಂಚಿಗೆ ಸರಿಯಾಗಿ ಎಟಕುತ್ತಿತ್ತು. ಪಾಳಿ ಮುಗಿದ ಮೇಲೆ ಅದನ್ನು ಗೋಡೆಗೆ ಒರಗಿಸಿ ಬರುತ್ತಿದ್ದಳು. ಬೇರೆ ಪಾಳಿಯ ಹೆಂಗಸರು ಅದನ್ನು ಮುಟ್ಟುತ್ತಿರಲಿಲ್ಲ, ಅವರಿಗೆ ಅದರ ಅಗತ್ಯವೇ ಇರಲಿಲ್ಲ.

ನಾನು ಬರುವಾಗ ನನ್ನದೊಂದು ಬೀಗ ತಂದಿದ್ದೆ. ತರಬೇತಿಯಲ್ಲಿ ನಮಗೆ ಕಲಿಸಿದ್ದ ಮೊದಲ ಪಾಠವೇ ಅದು: ಮೆಷಿನ್ನಿನೊಳಗೆ ಕೈ ಹಾಕುವವರು ಮೊದಲು ಮೇನ್ ಸ್ವಿಚ್ ಇಳಿಸಿ ಅದಕ್ಕೆ ತಮ್ಮ ಸ್ವಂತ ಬೀಗ ಜಡಿಯಬೇಕು, ಕೀಲಿಕೈ ತಮ್ಮ ಜೇಬಿನಲ್ಲಿರಬೇಕು. ಹಾಕಿದವರೇ ತೆಗೆಯಬೇಕು, ಬೇರೆ ಯಾರೂ, ಕಂಪನಿಯ ಧಣಿಯೂ, ಮುಟ್ಟುವ ಹಾಗಿಲ್ಲ. ಇಲ್ಲಿ ಆ ರೂಢಿ ಸತ್ತುಹೋಗಿತ್ತು. ಸ್ವಿಚ್ಚಿನ ಪಕ್ಕ ಬೀಗಗಳಿಗೆಂದೇ ತೂತುಗಳಿರುವ ಕಬ್ಬಿಣದ ಪಟ್ಟಿ ಇತ್ತು, ತುಕ್ಕು ಹಿಡಿದಿತ್ತು. ಮೆಷಿನ್ನಿಗೆ ಕೈ ಹಾಕುವವರು “ಸ್ವಿಚ್ ಹಾಕ್ಬೇಡ್ರೋ” ಎಂದು ಒಮ್ಮೆ ಕೂಗುತ್ತಿದ್ದರು, ಅಷ್ಟೆ.

“ಹೊಸ ಸೊಸೆ ಬೀರುಗೆ ಬೀಗ ಹಾಕಿದ ಹಾಗಾಯ್ತು,” ಎಂದು ನನ್ನ ಕೆಂಪು ಬೀಗವನ್ನು ನೋಡಿ ಮೇಸ್ತ್ರಿ ನಕ್ಕಿದ್ದರು. ಅವರ ಬಲಗೈಯ ತೋರುಬೆರಳಿಗೆ ತುದಿಯಿಲ್ಲ. ಅದು ಹೇಗೆ ಹೋಯಿತೆಂದು ಅವರು ಯಾರಿಗೂ ಹೇಳಿಲ್ಲ. ಕೇಳಬಾರದು ಎಂಬುದು ಮಾತ್ರ ಎಲ್ಲರಿಗೂ ಗೊತ್ತು.

ಇಸ್ತ್ರಿ ಮೆಷಿನ್ ನಡುನಡುವೆ ನಿಲ್ಲುವ ಕಾಯಿಲೆ ನಾನು ಸೇರುವ ಮೊದಲೇ ಶುರುವಾಗಿತ್ತು. ಯಾರೂ ಪಟ್ಟಿ ಮುಟ್ಟದಿದ್ದರೂ ಉರುಳೆ ನಿಂತು ಕೆಂಪು ದೀಪ ಹತ್ತುತ್ತಿತ್ತು. ಒಳಗೆ ಸಿಕ್ಕಿಕೊಂಡ ಚಾದರ ಸುಟ್ಟು ಕಂದಾಗುತ್ತಿತ್ತು. ಮೇಸ್ತ್ರಿ ಬಂದು ಪಟ್ಟಿಯ ಸ್ವಿಚ್ಚು, ಸ್ಪ್ರಿಂಗು, ದೀಪದ ಬಲ್ಬು ಎಲ್ಲವನ್ನೂ ಒಟ್ಟಿಗೇ ಬದಲಿಸಿ, ರೀಸೆಟ್ ಗುಂಡಿ ಒತ್ತಿ, “ಓಡ್ತಿದೆ ನೋಡಿ” ಎಂದು ಹೋಗುತ್ತಿದ್ದರು. ಓಡುತ್ತಿತ್ತು. ಎರಡು ದಿನ ಬಿಟ್ಟು ಮತ್ತೆ ನಿಲ್ಲುತ್ತಿತ್ತು. ಬೇರೆ ಪಾಳಿಗಳಲ್ಲಿ ಒಮ್ಮೆಯೂ ನಿಂತಿರಲಿಲ್ಲ. ಚಿಕ್ಕಮ್ಮ ನಿಂತಾಗ ಮಾತ್ರ.

ಮ್ಯಾನೇಜರಿಗೆ ಅಷ್ಟು ಸಾಕಾಯಿತು. ಒಂದು ಮಧ್ಯಾಹ್ನ ಎಲ್ಲರೆದುರೇ ಕೇಳಿದರು, “ಏನಮ್ಮ, ಕೈ ನೋವು ಬಂದಾಗೆಲ್ಲ ಪಟ್ಟಿ ಒತ್ತಿ ರೆಸ್ಟ್ ತಗೋತೀಯಾ?”

“ನಾನು ಮುಟ್ಟಿಲ್ಲ ಸಾರ್. ಮೆಷಿನ್ನೇ ನಿಲ್ಲುತ್ತೆ.”

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!” ಮ್ಯಾನೇಜರ್ ಸುತ್ತ ನೋಡಿದರು, ನಗಬೇಕಾದವರು ನಕ್ಕರು. “ಮುಟ್ಟಿದ್ದು ತಪ್ಪಾಯ್ತು ಅನ್ನು, ಕೆಳಗೆ ಕೊಳೆಬಟ್ಟೆ ವಿಂಗಡಿಸೋ ಶೆಡ್ಡಿಗೆ ಹಾಕ್ತೀನಿ, ಅಲ್ಲಿರು. ಅನ್ನಲ್ವಾ, ಇನ್ನೊಂದು ಸಲ ನಿಂತ ದಿನ ಕೆಲಸಕ್ಕೇ ಬರಬೇಡ.” ಆಮೇಲೆ ನನ್ನ ಕಡೆ ತಿರುಗಿ, “ಟ್ರಬಲ್‌ಶೂಟಿಂಗ್ ಮೇಡಂ, ಕೇಳಿಸ್ತಾ? ಟ್ರಬಲ್ ಯಾರು ಅಂತ ನಾನೇ ಹುಡುಕಿಕೊಟ್ಟಿದ್ದೀನಿ. ಶೂಟ್ ಮಾಡೋದೊಂದು ಬಾಕಿ,” ಎಂದರು.

‘ಏನು’ ಎಂದು ಕೇಳಬೇಕಾದ ಪದಕ್ಕೆ ‘ಯಾರು’ ಎಂದು ಉತ್ತರ ಹೇಳಿ ಅವರು ಹೊರಟುಹೋದರು.

ಅಂದು ಸಂಜೆ ಚಿಕ್ಕಮ್ಮ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಅವುಗಳದೇ ತಪ್ಪೆಂಬಂತೆ ಉಜ್ಜುತ್ತಿದ್ದಳು. ಚಿಕ್ಕಪ್ಪ ಬಾಗಿಲಿಗೆ ಒರಗಿ ನಿಂತಿದ್ದರು.

“ತಪ್ಪಾಯ್ತು ಅಂದುಬಿಡು. ಶೆಡ್ಡಾದ್ರೂ ಸರಿ, ಕೆಲಸ ಇರುತ್ತಲ್ಲ,” ಎಂದರು ಮೆಲ್ಲಗೆ.

“ಮಾಡದ ತಪ್ಪಿಗೆ ಒಂದು ಸಲ ತಲೆ ಬಗ್ಗಿಸಿದ್ರೆ ಕತ್ತು ಅಲ್ಲೇ ನಿಂತುಬಿಡುತ್ತೆ ರೀ. ಆಮೇಲೆ ನೀವು ಎಷ್ಟು ಎಣ್ಣೆ ತಿಕ್ಕಿದ್ರೂ ಮೇಲೇಳಲ್ಲ.” ಅವಳು ನಲ್ಲಿ ನಿಲ್ಲಿಸಿದಳು. ನನ್ನ ಕಡೆ ತಿರುಗದೆಯೇ ಕೇಳಿದಳು: “ನೀನೂ ಹಾಗೇ ಅಂದ್ಕೊಂಡಿದ್ದೀಯೇನೇ?”

ನಾನು ಬಾಯಿ ತೆರೆದೆ. ಉತ್ತರ ಬರಲಿಲ್ಲ. ಅವಳು ನಿಂತಾಗ ಮಾತ್ರ ನಿಲ್ಲುತ್ತದೆ ಎಂಬುದು ನಿಜವಾಗಿತ್ತು. ಒಂದು ಸುಳ್ಳು ಆಡಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತೋ ಏನೋ. ಅದೂ ನನಗೆ ಬರಲಿಲ್ಲ.

“ಸರಿ ಬಿಡು,” ಎಂದಳು ಚಿಕ್ಕಮ್ಮ. “ಕೇಳಿದ್ದು ನಂದೇ ತಪ್ಪು.”

ನನ್ನ ತಾಯಿ ಹೋದ ಮೇಲೆ ನನ್ನನ್ನು ಸಾಕಿದ ಹೆಂಗಸು ಅವಳು. ಮಾತಾಡದ ಮಗುವನ್ನು ಮಾತಾಡೆಂದು ಒಮ್ಮೆಯೂ ಗದರದವಳು. ನನ್ನ ಮೌನ ಯಾರನ್ನೂ ನೋಯಿಸದ, ನನ್ನಷ್ಟಕ್ಕೆ ನಾನಿರುವ ಕೋಣೆ ಎಂದುಕೊಂಡಿದ್ದೆ. ಅವತ್ತು ಅದರ ಬಾಗಿಲು ಅವಳ ಬೆರಳ ಮೇಲೆ ಮುಚ್ಚಿತು.

ಮರುದಿನ ಬಸ್ಸಿನಲ್ಲಿ ಅವಳು ಬೇರೆ ಸೀಟಿನಲ್ಲಿ ಕೂತಳು.

ಇಸ್ತ್ರಿ ಶುರುವಾಗುವ ಮೊದಲು ನಾನು ಮೇಸ್ತ್ರಿಯ ಹತ್ತಿರ ಹೋದೆ. “ಇದು ನಿಲ್ಲೋಕೆ ಶುರುವಾಗೋದಕ್ಕೆ ಸ್ವಲ್ಪ ಮುಂಚೆ ಏನಾದ್ರೂ ಬದಲಾಗಿತ್ತಾ ಮೇಸ್ತ್ರಿ? ಏನಾದ್ರೂ ಸರಿ.”

“ಏನೂ ಇಲ್ಲವ್ವ,” ಎಂದು ಅವರು ಚಹಾದ ಲೋಟದೊಳಗೆ ನೋಡಿದರು. ಲೋಟ ಖಾಲಿಯಾಗಿತ್ತು. ಆದರೂ ನೋಡುತ್ತಲೇ ಇದ್ದರು.

ಮೌನಗಳ ಲೆಕ್ಕದಲ್ಲಿ ನಾನು ದಡ್ಡಿಯಲ್ಲ. ಹೇಳಲು ಏನೂ ಇಲ್ಲದವರ ಮೌನ ಸಡಿಲವಾಗಿರುತ್ತದೆ. ಇದು ಬಿಗಿಯಾಗಿತ್ತು.

ಬೆಳಿಗ್ಗೆಯೆಲ್ಲ ನಾನು ಏನನ್ನೂ ಮುಟ್ಟದೆ ಮೆಷಿನ್ನಿನ ಪಕ್ಕ ನಿಂತಿದ್ದೆ. ದಿಂಬಿನ ಚೀಲಗಳು ಹೋದವು, ಸಣ್ಣ ಚಾದರಗಳು ಹೋದವು. ನಿಲ್ಲಲಿಲ್ಲ. ಚಿಕ್ಕಮ್ಮ ನನ್ನನ್ನು ನೋಡಲೂ ಇಲ್ಲ, ಏಣಿಯ ಜೊತೆ ಹರಟುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಆಪರೇಷನ್ ಥಿಯೇಟರಿನ ದೊಡ್ಡ ಹಸಿರು ಚಾದರಗಳು ಬಂದವು. ಅವುಗಳ ಮೂಲೆ ಹಿಡಿಯಲು ಚಿಕ್ಕಮ್ಮ ಮಣೆಯ ಅಂಚಿನವರೆಗೆ ಹೋಗಿ, ತುದಿಗಾಲಲ್ಲಿ ನಿಂತು, ಎಡಕ್ಕೆ ವಾಲಿ ಕೈ ಚಾಚಬೇಕಿತ್ತು. ಚಾಚಿದಳು. ಉರುಳೆ ನಿಂತಿತು. ಕೆಂಪು ದೀಪ ಹತ್ತಿತು.

ಅವಳ ಕೈಗಳು ಗಾಳಿಯಲ್ಲಿದ್ದವು, ಹಳದಿ ಪಟ್ಟಿಯಿಂದ ಎಷ್ಟೋ ಮೇಲೆ. ನಾನು ಕಣ್ಣಾರೆ ಕಂಡೆ.

ಇಡೀ ಹಾಲ್ ನಿಶ್ಶಬ್ದವಾಯಿತು. ಇಡೀ ದಿನ ಗುಂಯ್‌ಗುಡುವ ಜಾಗದಲ್ಲಿ ಸದ್ದು ನಿಂತರೆ ಕಿವಿ ನೋಯುತ್ತದೆ. ಮ್ಯಾನೇಜರ್ ತಮ್ಮ ಗಾಜಿನ ಕೋಣೆಯಿಂದ ಹೊರಬಂದರು. ಚಿಕ್ಕಮ್ಮ ಮಣೆಯಿಂದ ಇಳಿಯಲಿಲ್ಲ.

“ಮುಗೀತಲ್ಲಮ್ಮ,” ಎಂದರು ಮ್ಯಾನೇಜರ್. “ಮೇಸ್ತ್ರಿ, ರೀಸೆಟ್ ಒತ್ತಿ. ಆ ಜಾಗಕ್ಕೆ ಬೇರೆಯವರನ್ನ ನಿಲ್ಸಿ.”

“ಯಾರೂ ಏನೂ ಮುಟ್ಟಬೇಡಿ,” ಎಂದೆ. ನನ್ನ ದನಿ ನನಗೇ ಹೊಸದೆನಿಸಿತು. ಮೇನ್ ಸ್ವಿಚ್ ಇಳಿಸಿ, ತುಕ್ಕು ಹಿಡಿದ ತೂತಿನೊಳಗೆ ಕೆಂಪು ಬೀಗ ತೂರಿಸಿ ಜಡಿದೆ.

“ಏನಿದು?”

“ಹುಡುಕ್ತಿದ್ದೀನಿ ಸಾರ್. ರೀಸೆಟ್ ಒತ್ತಿದ್ರೆ ಟ್ರಬಲ್ ಓಡಿಹೋಗುತ್ತೆ. ಈಗ ಇಲ್ಲೇ ಇದೆ.”

“ಎದುರಿಗೇ ನಿಂತಿದೆಯಲ್ಲ!” ಎಂದು ಅವರು ಚಿಕ್ಕಮ್ಮನತ್ತ ಕೈ ತೋರಿಸಿದರು.

ಮೆಷಿನ್ನಿಗೆ ತಿಳಿಯುವುದು ಒಂದೇ ಸಂಗತಿ: ಪಟ್ಟಿಯ ಸ್ವಿಚ್ಚಿನಿಂದ ಪ್ಯಾನೆಲ್ಲಿಗೆ ಹೋಗುವ ವೈರಿನಲ್ಲಿ ಕರೆಂಟು ಹರಿಯುತ್ತಿದೆಯೋ ಇಲ್ಲವೋ ಎಂಬುದು. ಪಟ್ಟಿ ಒತ್ತಿದರೂ ಅದು ಕಡಿಯುತ್ತದೆ, ವೈರು ತುಂಡಾದರೂ ಕಡಿಯುತ್ತದೆ. ದೀಪ ಎರಡಕ್ಕೂ ಒಂದೇ. ಪಟ್ಟಿಯ ಸ್ವಿಚ್ಚನ್ನು ಮೇಸ್ತ್ರಿ ಎಷ್ಟೋ ಸಲ ಬದಲಿಸಿದ್ದರು. ಹಾಗಾದರೆ ವೈರು. ಪ್ಯಾನೆಲ್ ಗೋಡೆಯ ಮೇಲಿತ್ತು. ಆದರೆ ಗೋಡೆಯ ಮೇಲೆ ಎಲ್ಲಿಯೂ ವೈರು ಕಾಣಲಿಲ್ಲ. ಕೆಳಗೆ ನೋಡಿದೆ. ಮೆಷಿನ್ನಿನ ಕಾಲುಗಳ ಪಕ್ಕ, ಒಂದು ತೋಳಿನಷ್ಟು ದೂರದಲ್ಲಿ, ನೆಲದ ಮೇಲೆ ನಾಲ್ಕು ಚೌಕಗಳು ಬೆಳ್ಳಗೆ ಹೊಳೆಯುತ್ತಿದ್ದವು. ಅಲ್ಲಿ ಮಾತ್ರ ನೆಲ ಹೊಸದರಂತಿತ್ತು, ಏನೋ ಬಹಳ ಕಾಲ ಅದನ್ನು ಮುಚ್ಚಿಟ್ಟಿತ್ತೆಂಬಂತೆ.

“ಮೆಷಿನ್ ಮೊದಲು ಅಲ್ಲಿತ್ತು,” ಎಂದೆ.

ಏಣಿ, “ಹೌದಲ್ವಾ? ಆ ಕಬ್ಬಿಣದ ಕಪಾಟು ಇಡೋಕೆ ಇತ್ಲಾಗೆ ತಳ್ಳಿದ್ರಲ್ಲ!” ಎಂದಳು. ಮ್ಯಾನೇಜರ್ ಅವಳನ್ನು ದುರುಗುಟ್ಟಿದರು. ಮೇಸ್ತ್ರಿ ತಮ್ಮ ಚಪ್ಪಲಿ ನೋಡಿಕೊಂಡರು.

“ಚಿಕ್ಕಮ್ಮ, ಒಂದು ನಿಮಿಷ ಇಳಿ.”

ಇಳಿದಳು. ಮಣೆಯ ಕೆಳಗಿದ್ದ ದಪ್ಪ ರಬ್ಬರ್ ಚಾಪೆಯ ಅಂಚು ಎತ್ತಿದೆ. ಧೂಳಿನಲ್ಲಿ ಹಾವಿನಂತೆ ಮಲಗಿತ್ತು ವೈರು. ಮೆಷಿನ್ ಸರಿಸಿದಾಗ ಗೋಡೆಯ ಮೇಲಿನ ಉದ್ದ ಸಾಲದೆ, ಅವಸರಕ್ಕೆ ನೆಲದ ಮೇಲೇ ಎಳೆದು, ಕಾಣದಂತೆ ಚಾಪೆ ಹಾಸಿದ್ದರು. ಮಣೆಯ ಮುಂದಿನ ಎಡಗಾಲು ಬೀಳುವ ಕಡೆ ಅದು ಚಪ್ಪಟೆಯಾಗಿತ್ತು. ದೊಡ್ಡ ಚಾದರಕ್ಕೆಂದು ಅಂಚಿಗೆ ಹೋಗಿ ವಾಲಿದಾಗ ಆ ಕಾಲು ವೈರನ್ನು ಒತ್ತುತ್ತಿತ್ತು, ಒಳಗಿನ ತಂತಿ ಬಿಡುತ್ತಿತ್ತು. ನೇರ ನಿಂತರೆ ಮತ್ತೆ ಕೂಡಿಕೊಳ್ಳುತ್ತಿತ್ತು.

ನಾನು ಚಾಪೆಯನ್ನೂ ಮಣೆಯನ್ನೂ ಇದ್ದ ಹಾಗೆಯೇ ಇಟ್ಟೆ. ಬೀಗ ತೆಗೆದು ಸ್ವಿಚ್ ಹಾಕಿ, ರೀಸೆಟ್ ಒತ್ತಿದೆ. ಉರುಳೆ ತಿರುಗತೊಡಗಿತು.

“ಸಾರ್, ಸ್ವಲ್ಪ ಮಣೆ ಮೇಲೆ ನಿಲ್ತೀರಾ?”

“ನಾನಾ?”

“ಬೇರೆ ಯಾರು ನಿಂತ್ರೂ ನೀವು ನಂಬಲ್ಲ.”

ಹಾಲ್‌ನಲ್ಲಿದ್ದ ಹೆಂಗಸರೆಲ್ಲ ಹತ್ತಿರ ಬಂದಿದ್ದರು. ಅಷ್ಟು ಕಣ್ಣುಗಳ ನಡುವೆ ಒಲ್ಲೆ ಎನ್ನುವುದು ನಿಲ್ಲುವುದಕ್ಕಿಂತ ಕಷ್ಟವಾಗಿತ್ತು. ಮ್ಯಾನೇಜರ್ ಟೈ ಹಿಂದಕ್ಕೆ ಹಾಕಿಕೊಂಡು ಮಣೆ ಹತ್ತಿದರು. ಚಿಕ್ಕಮ್ಮ ಹಸಿರು ಚಾದರದ ಮೂಲೆಯನ್ನು ಅವರ ಮುಂದೆ ಹಿಡಿದಳು, ಸ್ವಲ್ಪ ದೂರದಲ್ಲೇ, ಬೇಕೆಂದೇ. “ಬಗ್ಗಿ ಸಾರ್. ಇನ್ನೂ ಸ್ವಲ್ಪ. ಮದುವೆ ಹೆಣ್ಣಿನ ಹಾಗೆ ನಾಚಿಕೊಂಡ್ರೆ ಚಾದರ ಬರಲ್ಲ.”

ಅವರು ಎಡಕ್ಕೆ ವಾಲಿದರು. ಉರುಳೆ ನಿಂತಿತು. ಕೆಂಪು ದೀಪ ಹತ್ತಿತು.

“ಕೈ ನೋವು ಬಂತಾ ಸಾರ್?” ಎಂದಳು ಚಿಕ್ಕಮ್ಮ.

ಏಣಿ ನಕ್ಕ ಸದ್ದಿಗೆ ಕೆಳಗಿನ ಶೆಡ್ಡಿನವರೂ ಮೇಲೆ ಬಂದರು. ಮ್ಯಾನೇಜರ್ ಮಣೆಯಿಂದ ಇಳಿದು ಅಂಗಿ ಸರಿಮಾಡಿಕೊಂಡರು. ಅವರ ಮುಖ ಕೆಂಪಾಗಿತ್ತು, ಆದರೆ ಬುದ್ಧಿ ಬೇಗ ಮರಳಿ ಬಂತು.

“ಸರಿ. ಟ್ರಬಲ್ ಸಿಕ್ತಲ್ಲ? ಈ ಮಣೆ. ಇದನ್ನ ತೆಗೆದು ಹೊರಗೆ ಹಾಕಿ. ಮಣೆ ಬೇಡದವರನ್ನ ಇಲ್ಲಿ ನಿಲ್ಸಿ, ಇವಳು ಕೆಳಗೆ ಹೋಗಲಿ. ಆಸ್ಪತ್ರೆ ಗಾಡಿ ಕಾಯ್ತಿದೆ.”

ಅಷ್ಟು ಸುಲಭ. ಅವಳ ಮೇಲಿನ ಆರೋಪ ಹೋಗುತ್ತಿತ್ತು, ಅವಳೂ ಹೋಗುತ್ತಿದ್ದಳು. ಚಿಕ್ಕಮ್ಮನ ಮುಖ ನೋಡಿದೆ. ಅಷ್ಟು ಹೊತ್ತಿನ ನಗು ಇಳಿದಿತ್ತು. ಅವಳು ನನ್ನನ್ನೇ ನೋಡುತ್ತಿದ್ದಳು. ಹಿಂದಿನ ಸಂಜೆಯ ಪ್ರಶ್ನೆ ಇನ್ನೂ ಅಲ್ಲೇ ಇತ್ತು.

ನಾನು ಹೋಗಿ ಸ್ವಿಚ್ ಇಳಿಸಿದೆ, ಬೀಗ ಮತ್ತೆ ಜಡಿದೆ.

“ಮಣೆ ಟ್ರಬಲ್ ಅಲ್ಲ ಸಾರ್. ಅದು ತೋರಿಸಿಕೊಟ್ಟಿದ್ದು. ಟ್ರಬಲ್ ಈ ವೈರು. ಮಣೆ ಹೊರಗೆ ಹಾಕಿದ್ರೆ ನಾಳೆ ಬಟ್ಟೆ ಗಾಡಿಯ ಚಕ್ರ ಅದರ ಮೇಲೆ ಹೋಗುತ್ತೆ. ಚಪ್ಪಟೆಯಾಗಿ ಚಪ್ಪಟೆಯಾಗಿ ಒಂದು ದಿನ ಒಳಗಿನ ಎರಡೂ ತಂತಿ ಒಂದಕ್ಕೊಂದು ಅಂಟಿಕೊಳ್ತವೆ. ಆಮೇಲೆ ಯಾರ ಕೈ ಒಳಗೆ ಹೋದ್ರೂ, ಪಟ್ಟಿ ಎಷ್ಟು ಒತ್ತಿದ್ರೂ, ಇದು ನಿಲ್ಲಲ್ಲ.”

ಯಾರೋ ಒಬ್ಬರ ಕಣ್ಣು ಮೇಸ್ತ್ರಿಯ ಬಲಗೈಗೆ ಹೋಯಿತು, ಆಮೇಲೆ ಎಲ್ಲರ ಕಣ್ಣೂ. ಮೇಸ್ತ್ರಿ ಕೈಯನ್ನು ಜೇಬಿಗೆ ಹಾಕಿಕೊಂಡರು.

“ಲೆಕ್ಚರ್ ಸಾಕು. ಬೀಗ ತೆಗಿ.”

“ವೈರು ಗೋಡೆ ಮೇಲೆ ಹೋದ ಮೇಲೆ ತೆಗೀತೀನಿ.”

“ನಿನ್ನ ಕೆಲಸ ಹೋಗುತ್ತೆ, ಗೊತ್ತಾ?”

“ಹೋಗಲಿ ಸಾರ್. ಬೀಗದ ಕೈ ನನ್ನ ಹತ್ತಿರವಿದೆ.”

“ಮೇಸ್ತ್ರಿ! ಆ ಬೀಗ ಕತ್ತರಿಸಿ.”

ಮೇಸ್ತ್ರಿ ತಮ್ಮ ಸಾಮಾನಿನ ಪೆಟ್ಟಿಗೆಯ ಕಡೆ ನಡೆದರು. ಅವರು ಪೆಟ್ಟಿಗೆಯ ತಳದವರೆಗೆ ಕೈ ಹಾಕಿ ತಡಕಾಡಿದರು. ಕತ್ತರಿಯಂಥದ್ದೇನೂ ತೆಗೆಯಲಿಲ್ಲ. ಒಂದು ಹಳೆಯ ಹಿತ್ತಾಳೆ ಬೀಗ ತೆಗೆದರು. ಎಣ್ಣೆಬಟ್ಟೆಯಲ್ಲಿ ಸುತ್ತಿಟ್ಟಿದ್ದು, ಎಷ್ಟೋ ವರ್ಷಗಳಿಂದ ಯಾರೂ ನೋಡದೆ ಇದ್ದದ್ದು. ಸ್ವಿಚ್ಚಿನ ಬಳಿ ಬಂದು ನನ್ನ ಕೆಂಪು ಬೀಗದ ಪಕ್ಕದ ತೂತಿಗೆ ಅದನ್ನು ತೂರಿಸಿದರು. ತುದಿಯಿಲ್ಲದ ಬೆರಳಿಗೆ ಅದು ಬೇಗ ಒಗ್ಗಲಿಲ್ಲ. ಎರಡು ಸಲ ಜಾರಿತು. ಮೂರನೆಯ ಸಲ ಕ್ಲಿಕ್ ಎಂದಿತು.

“ನೀವೂನಾ ಮೇಸ್ತ್ರಿ?”

“ಕಪಾಟು ಇಡಬೇಕು, ಒಂದು ಗಂಟೇಲಿ ಮೆಷಿನ್ ಸರಿಸು ಅಂದ್ರಿ. ಸರಿಸಿದೆ. ಆ ವೈರು ನೆಲದ ಮೇಲೆ ಎಳೆದೋನು ನಾನೇ, ಚಾಪೆ ಮುಚ್ಚಿದೋನೂ ನಾನೇ,” ಎಂದರು ಮೇಸ್ತ್ರಿ, ಗೋಡೆಯನ್ನು ನೋಡುತ್ತಾ. “ಬೆಳಿಗ್ಗೆ ಈ ಹುಡುಗಿ ಕೇಳಿದಾಗ ಬಾಯಿ ಬಿಡಲಿಲ್ಲ. ಈಗ ಮೇಲೆ ಎತ್ತೋನೂ ನಾನೇ. ಅಲ್ಲೀವರೆಗೆ ಸ್ವಿಚ್ ಯಾರಪ್ಪ ಬಂದ್ರೂ ಏಳಲ್ಲ.” ಆಮೇಲೆ ತಿರುಗಿ ಕೂಗಿದರು, “ಏಣಿ ತನ್ನಿ!”

“ನಾನೇ ಬರ್ಲಾ, ಇಲ್ಲ ಮರದ್ದು ಬೇಕಾ?” ಎಂದಳು ಏಣಿ.

ಮ್ಯಾನೇಜರ್ ಗಾಜಿನ ಕೋಣೆಗೆ ಹೋಗಿ ಫೋನ್ ಎತ್ತಿಕೊಂಡರು. ಗಾಜಿನ ಆಚೆ ಅವರ ಬಾಯಿ ಆಡುವುದು ಕಾಣುತ್ತಿತ್ತು, ಸದ್ದು ಬರುತ್ತಿರಲಿಲ್ಲ.

ಮೇಸ್ತ್ರಿ ಮರದ ಏಣಿ ಹತ್ತಿ ಗೋಡೆಗೆ ಹೊಸ ವೈರು ಹಿಡಿಸಿ ಮೊಳೆ ಹೊಡೆಯತೊಡಗಿದರು. ನಾನು ಕೆಳಗಿನಿಂದ ವೈರು ಬಿಡುತ್ತಿದ್ದೆ. ಚಿಕ್ಕಮ್ಮ ಮಣೆಯನ್ನು ಎತ್ತಿ ಅದರ ಮುಂದಿನ ಎಡಗಾಲನ್ನು ಅಂಗೈಯಿಂದ ಒರೆಸಿದಳು, ಮತ್ತೆ ತನ್ನ ಜಾಗದಲ್ಲೇ ಇಟ್ಟು ಅದರ ಮೇಲೆ ಕೂತಳು, ಉರುಳೆಗೆ ಬೆನ್ನು ಹಾಕಿ.

“ನೆಲ ಡೊಂಕೇ ಇತ್ತು ಕಣೇ,” ಎಂದಳು.

“ಹೂಂ.”

“ನಿನ್ನೆ ಕೇಳಿದ್ದಕ್ಕೆ ಉತ್ತರ ಹೇಳೋಕೆ ಇಷ್ಟು ಹೊತ್ತಾ?”

“ಹುಡುಕ್ತಿದ್ದೆ,” ಎಂದೆ.

ಅವಳು ಮೊಣಕೈಯಿಂದ ನನ್ನ ಮೊಣಕಾಲಿಗೆ ತಿವಿದಳು. ಬಾಗಿಲಿನಲ್ಲಿ ಆಫೀಸಿನ ಗುಮಾಸ್ತ ಕಾಣಿಸಿಕೊಂಡ. “ಮೇಡಂ, ನೀವು ಈಗಲೇ ಬರಬೇಕು ಅಂದ್ರು ಸಾರ್. ಹೆಡ್ ಆಫೀಸಿನವರು ಲೈನಲ್ಲಿದ್ದಾರೆ.”

ನನ್ನ ಕೈಯಲ್ಲಿ ವೈರಿತ್ತು. ಮೇಲಿನಿಂದ ಮೇಸ್ತ್ರಿ ಇನ್ನಷ್ಟು ಬಿಡು ಎಂದು ಎಳೆಯುತ್ತಿದ್ದರು.

“ಬರ್ತೀನಿ ಅಂತ ಹೇಳಿ,” ಎಂದೆ. “ಇದು ಮುಗಿದ ಮೇಲೆ.”